ಡೆವಲಪರ್‌ಗಳ ಬೆನ್ನಿಗೆ ನಿಂತವರು

ಮೂಡಿಗೆರೆ, ಬಣಕಲ್, ಕಳಸದ ಕಡೆ ಮಗಳೋ ಮಗನೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿಲ್ಲದ ತೋಟದ ಮನೆ ಈಗ ಅಪರೂಪ. ಬ್ಯಾಂಕಿನ ಆ್ಯಪ್ ಮಾಡುತ್ತಾಳೆ, ಸಾಮಾನು ಮಾರುವ ವೆಬ್‌ಸೈಟ್ ನೋಡಿಕೊಳ್ಳುತ್ತಾನೆ ಎಂದರೆ ಅಪ್ಪ ಅಮ್ಮನಿಗೆ ಅರ್ಥವಾಗುತ್ತದೆ. ಫೋನು ತೆಗೆದು ನೆಂಟರಿಗೆ ತೋರಿಸಬಹುದು. ‘ಪ್ಲಾಟ್‌ಫಾರ್ಮ್ ಟೀಮಿನಲ್ಲಿದ್ದೇನೆ’ ಎನ್ನುವವರಿಗೆ ಆ ಅನುಕೂಲ ಇಲ್ಲ. ಅವರು ಮಾಡಿದ್ದು ಯಾವ ಫೋನಿನಲ್ಲೂ ಕಾಣುವುದಿಲ್ಲ. ಅವರ ಗಿರಾಕಿಗಳು ನೀವೂ ಅಲ್ಲ, ನಾನೂ ಅಲ್ಲ. ಅದೇ ಕಂಪನಿಯ ಪಕ್ಕದ ಸಾಲಿನಲ್ಲಿ ಕೂತು ಆ್ಯಪ್ ಬರೆಯುವ ಡೆವಲಪರ್‌ಗಳು. ದೇವರಮನೆ ಗುಡ್ಡದ ಕೆಳಗೆ, ಗುತ್ತಿಯ ಕಡೆ ಮನೆಯಿರುವ ನನ್ನ ಅಣ್ಣನ ಮಗ ಅಂಥದ್ದೊಂದು ತಂಡದಲ್ಲಿದ್ದಾನೆ. ಅವನ ಕೆಲಸ ಏನೆಂದು ಮನೆಯವರಿಗೆ ಬಿಡಿಸಿ ಹೇಳಲು ಹೊರಟು ನಾನು ಈ ವಿಷಯಕ್ಕೆ ಇಳಿದೆ. ಇಳಿದಷ್ಟೂ, ನಮ್ಮ ಕಾಫಿ ಬೆಳೆಗಾರರು ಅರ್ಧ ಶತಮಾನ ಅನುಭವಿಸಿದ ಒಂದು ಪ್ರಶ್ನೆಯೇ ಕಂಪ್ಯೂಟರ್ ಕೋಣೆಗಳಲ್ಲಿ ಹೊಸದಾಗಿ ಎದ್ದು ನಿಂತಿದೆ ಎನ್ನಿಸಿತು.

ಮೊದಲು ಕೆಲಸದ ಸ್ವರೂಪ ನೋಡೋಣ. ಒಂದು ದೊಡ್ಡ ಕಂಪನಿಯಲ್ಲಿ ನೌಕರರ ರಜೆ, ಪ್ರಯಾಣದ ಖರ್ಚು ಇವನ್ನೆಲ್ಲ ನೋಡಿಕೊಳ್ಳುವ ಸಣ್ಣ ಪ್ರೋಗ್ರಾಂ ಒಂದನ್ನು ಒಬ್ಬಳು ಡೆವಲಪರ್ ಬರೆದಳು ಎಂದಿಟ್ಟುಕೊಳ್ಳಿ. ಅವಳ ಲ್ಯಾಪ್‌ಟಾಪಿನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಐದು ಸಾವಿರ ಜನ ಅದನ್ನು ಬಳಸಬೇಕು ಎಂದಾಗ ನಿಜವಾದ ಕೆಲಸ ಶುರು. ಸದಾ ಓಡುವ ಸರ್ವರ್ ಬೇಕು, ಅದು ಕೈಕೊಟ್ಟರೆ ಇನ್ನೊಂದು ಬೇಕು. ಅದರ ಆಪರೇಟಿಂಗ್ ಸಿಸ್ಟಂಗೆ ತಿಂಗಳು ತಿಂಗಳು ಬರುವ ಭದ್ರತಾ ತಿದ್ದುಪಡಿ ಹಾಕಬೇಕು. ವಿಳಾಸ, ಸರ್ಟಿಫಿಕೇಟ್, ಡೇಟಾಬೇಸ್, ಅದರ ಬ್ಯಾಕಪ್, ಪಾಸ್‌ವರ್ಡ್‌ಗಳನ್ನು ಬಚ್ಚಿಡುವ ಜಾಗ, ಏನೇನು ನಡೆಯಿತು ಎಂಬ ಲಾಗ್, ಕೆಟ್ಟಾಗ ಕೂಗಿ ಎಬ್ಬಿಸುವ ಅಲಾರಂ. ಇವುಗಳಲ್ಲಿ ಒಂದಕ್ಕೂ ರಜೆ ಅರ್ಜಿಗೂ ಸಂಬಂಧವಿಲ್ಲ, ಆದರೆ ಒಂದು ತಪ್ಪಿದರೂ ರಜೆ ಅರ್ಜಿ ನಡೆಯುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಇದಕ್ಕೆಲ್ಲ ಟಿಕೆಟ್, ಅಂದರೆ ಕೋರಿಕೆಯ ಅರ್ಜಿ, ಹಾಕಬೇಕಿತ್ತು. ಸರ್ವರ್ ವಿಭಾಗಕ್ಕೊಂದು, ನೆಟ್‌ವರ್ಕ್‌ನವರಿಗೊಂದು, ಡೇಟಾಬೇಸ್‌ನವರಿಗೊಂದು. ಒಬ್ಬರ ಒಪ್ಪಿಗೆ ಬಂದ ಮೇಲೆ ಇನ್ನೊಬ್ಬರ ಸರದಿ. ಹತ್ತು ದಿನದಲ್ಲಿ ಬರೆದ ಪ್ರೋಗ್ರಾಂ ಬಳಕೆಗೆ ಬರಲು ತಿಂಗಳುಗಟ್ಟಲೆ ಕಾಯುವುದು ದೊಡ್ಡ ಸಂಸ್ಥೆಗಳಲ್ಲಿ ಮಾಮೂಲಾಗಿತ್ತು. ಕಾದು ಬೇಸತ್ತ ತಂಡಗಳು ಯಾರಿಗೂ ಹೇಳದೆ ಮೇಜಿನ ಕೆಳಗೊಂದು ಯಂತ್ರ ಇಟ್ಟುಕೊಳ್ಳುತ್ತಿದ್ದವು. ಅದನ್ನು ಇಟ್ಟವರು ಕೆಲಸ ಬಿಟ್ಟು ಹೋದ ಮೇಲೆ ಅದರೊಳಗೆ ಏನಿದೆ ಎಂದು ಬಲ್ಲವರು ಯಾರೂ ಉಳಿಯುತ್ತಿರಲಿಲ್ಲ.

ಈ ಹೊರೆಯನ್ನು ಡೆವಲಪರ್ ತಲೆಯಿಂದ ಇಳಿಸಬಹುದು ಎಂದು ಎಲ್ಲರೂ ಒಪ್ಪುವಂತೆ ಮಾಡಿ ತೋರಿಸಿದ್ದು 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೆರೋಕು. ಡೆವಲಪರ್ ತನ್ನ ಕೋಡನ್ನು ಒಂದೇ ಆಜ್ಞೆಯಲ್ಲಿ ಕಳಿಸಿದರೆ ಸಾಕು; ಅದು ಯಾವ ಭಾಷೆಯಲ್ಲಿದೆ ಎಂದು ಗುರುತಿಸಿ, ಬೇಕಾದ್ದನ್ನೆಲ್ಲ ಜೋಡಿಸಿ, ಸರ್ವರ್ ಮೇಲೆ ಓಡಿಸಿ, ವಿಳಾಸವನ್ನೂ ಕೊಡುವುದು ಹೆರೋಕುವಿನ ಜವಾಬ್ದಾರಿ. ಗೂಗಲ್‌ನ ಆ್ಯಪ್ ಎಂಜಿನ್ 2008ರಲ್ಲಿ ಬಂತು. ಹೆರೋಕುವನ್ನು 2010ರಲ್ಲಿ ಸೇಲ್ಸ್‌ಫೋರ್ಸ್ ಕೊಂಡಿತು. ಮರುವರ್ಷ ಹೆರೋಕು ಸ್ಥಾಪಕರಲ್ಲೊಬ್ಬರಾದ ಆ್ಯಡಂ ವಿಗಿನ್ಸ್, ಇಂಥ ವೇದಿಕೆಯ, ಅಂದರೆ ಪ್ಲಾಟ್‌ಫಾರ್ಮಿನ, ಮೇಲೆ ಓಡುವ ಪ್ರೋಗ್ರಾಂ ಪಾಲಿಸಬೇಕಾದ ಹನ್ನೆರಡು ಸೂತ್ರಗಳನ್ನು ಬರೆದರು. ಪ್ರೋಗ್ರಾಂ ಓಡುವ ಜಾಗ ಬದಲಾದರೆ ಬದಲಾಗುವ ವಿವರಗಳನ್ನು ಕೋಡಿನೊಳಗೆ ಬರೆಯಬೇಡಿ, ಹೊರಗಿನಿಂದ ಕೊಡಿ. ಯಂತ್ರದ ಡಿಸ್ಕಿನ ಮೇಲೆ ಏನನ್ನೂ ನಂಬಿ ಇಡಬೇಡಿ, ಆ ಯಂತ್ರ ನಾಳೆ ಇರಲಿಕ್ಕಿಲ್ಲ. ಈ ಬಗೆಯ ಮಾತುಗಳು. ಇಂದಿಗೂ ಹೊಸ ಡೆವಲಪರ್‌ಗೆ ಮೊದಲು ಓದಲು ಕೊಡಬೇಕಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದರೆ ಎಲ್ಲರೂ ಹೊರಗಿನ ಸೇವೆಯನ್ನೇ ಬಾಡಿಗೆಗೆ ತೆಗೆದುಕೊಳ್ಳಬಹುದಲ್ಲ, ಕಂಪನಿಯೊಳಗೇ ಅಂಥದ್ದೊಂದನ್ನು ಕಟ್ಟಿ ಸಾಕುವುದು ಏಕೆ? ಕಾರಣಗಳು ಗಟ್ಟಿಯಾಗಿವೆ. ಭಾರತದ ಪಾವತಿ ವ್ಯವಸ್ಥೆಗಳ ಮಾಹಿತಿ ಭಾರತದಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿ ಆರು ತಿಂಗಳ ಗಡುವು ಕೊಟ್ಟಿತು. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು ಎಂದು ಕೇಂದ್ರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿತು. ಇನ್ನೂರು ತಂಡಗಳಿರುವ ಬ್ಯಾಂಕಿನಲ್ಲಿ ಪ್ರತಿ ತಂಡವೂ ಇದನ್ನು ತನ್ನ ತನ್ನ ರೀತಿಯಲ್ಲಿ ಪಾಲಿಸಲು ಹೊರಟರೆ ತಪಾಸಣೆಗೆ ಬಂದವರಿಗೆ ಇನ್ನೂರು ಬಗೆಯ ಉತ್ತರ ಸಿಗುತ್ತದೆ. ಒಂದೇ ವೇದಿಕೆಯಿದ್ದರೆ ಒಂದು ಕಡೆ ಸರಿ ಮಾಡಿದ್ದು ಎಲ್ಲರಿಗೂ ಸರಿಯಾಗುತ್ತದೆ. ಖರ್ಚಿನ ಕಾರಣವೂ ಇದೆ. ದಿನವೂ ಒಂದೇ ಪ್ರಮಾಣದಲ್ಲಿ ಓಡುವ ಕೆಲಸಕ್ಕೆ ಬಾಡಿಗೆ ಯಂತ್ರ ದುಬಾರಿ ಎಂದು ಲೆಕ್ಕ ಹಾಕಿ, ಬೇಸ್‌ಕ್ಯಾಂಪ್ ತಯಾರಿಸುವ 37ಸಿಗ್ನಲ್ಸ್ 2023ರಲ್ಲಿ ಕ್ಲೌಡ್ ಬಿಟ್ಟು ಸ್ವಂತ ಸರ್ವರ್‌ಗಳಿಗೆ ಮರಳಿತು.

ಒಂದೇ ವೇದಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಎಲ್ಲರೂ ಬಲ್ಲ ಉದಾಹರಣೆ ‘ಭೂಮಿ’. 2000ನೇ ಇಸವಿಯಲ್ಲಿ ಜಾರಿಗೆ ಬಂದ ಈ ಯೋಜನೆಗೆ ಮುಂಚೆ ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುವಂತೆ ಮಾಡಿದ ಆ ಸಾಧನೆಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅದರ ತಂತ್ರಾಂಶ ಬರೆದವರು ಸರ್ಕಾರದ ಒಳಗಿನ ಡೆವಲಪರ್‌ಗಳು, ಅಂದರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬೆಂಗಳೂರು ಘಟಕದವರು. ನನ್ನ ಗಮನ ಸೆಳೆದದ್ದು ಆ ಪ್ರೋಗ್ರಾಂ ಎಲ್ಲಿ ಓಡುತ್ತಿತ್ತು ಎಂಬ ಸಂಗತಿ. ಆಗ 177 ತಾಲ್ಲೂಕುಗಳು. ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದೇ ಸರ್ವರ್, ಅದರದೇ ದಾಖಲೆ. ಆ ದಿನಗಳ ನೆಟ್‌ವರ್ಕಿಗೆ ಬೇರೆ ದಾರಿಯೂ ಇರಲಿಲ್ಲ. ಜುಲೈ ತಿಂಗಳಿನಲ್ಲಿ ಮೂಡಿಗೆರೆಯ ಕರೆಂಟು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮರ ಬಿದ್ದು ಲೈನು ಹೋದರೆ ಯುಪಿಎಸ್, ಜನರೇಟರ್, ಬ್ಯಾಕಪ್ ಎಲ್ಲವೂ ಅಲ್ಲಿಯ ಶಿರಸ್ತೇದಾರರು, ಗುಮಾಸ್ತರ ತಲೆನೋವು. ಪ್ರೋಗ್ರಾಂನಲ್ಲಿ ಒಂದು ಸಾಲು ತಿದ್ದಿದರೆ ಅದು 177 ಕಡೆಗೂ ಮುಟ್ಟಬೇಕು, ಮುಟ್ಟಿತೇ ಎಂದು ಖಾತರಿಯಾಗಬೇಕು.

ರಾಜ್ಯದ ನೆಟ್‌ವರ್ಕ್ ಜಾಲ ಮತ್ತು ಬೆಂಗಳೂರಿನ ದತ್ತಾಂಶ ಕೇಂದ್ರ ಬಂದ ಮೇಲೆ ಆ ಚದುರಿದ ವ್ಯವಸ್ಥೆ ಒಂದೆಡೆ ಸೇರಿತು. 2014ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ‘ಮೇಘರಾಜ್’ ಹೆಸರಿನಲ್ಲಿ ರಾಷ್ಟ್ರೀಯ ಕ್ಲೌಡ್ ಆರಂಭಿಸಿದಾಗ, ಇಲಾಖೆಗಳಿಗೆ ಬರೀ ಸರ್ವರ್ ಕೊಡದೆ ಪ್ರೋಗ್ರಾಂ ಓಡಿಸುವ ವೇದಿಕೆಯನ್ನೇ ಕೊಡುವ ಮಾತು ಸರ್ಕಾರದೊಳಗೂ ಬಂತು. ಇದು ಸಣ್ಣ ಬದಲಾವಣೆಯಲ್ಲ. ಇಂದು ಜಮೀನು ನೋಂದಣಿಯ ‘ಕಾವೇರಿ’ಯಲ್ಲಿ ಆದ ವ್ಯವಹಾರ ‘ಭೂಮಿ’ಗೆ ಹೋಗಿ ಖಾತೆ ಬದಲಾವಣೆಗೆ ನಿಲ್ಲುತ್ತದೆ. ಒಂದರ ಸರ್ವರ್ ಮುಗ್ಗರಿಸಿದರೆ ಇನ್ನೊಂದರ ಮುಂದೆ ಸಾಲು ಬೆಳೆಯುತ್ತದೆ. ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಮಾತು ಕೇಳಿ ಬಸ್ ಚಾರ್ಜು ಕಳೆದುಕೊಂಡು ವಾಪಸಾಗುವವರು ಯಾರು ಎಂದು ನೆನೆದರೆ, ವೇದಿಕೆ ನಡೆಸುವವರ ಕೆಲಸ ಎಷ್ಟು ದೂರದವರೆಗೆ ಮುಟ್ಟುತ್ತದೆ ಎಂಬುದು ತಿಳಿಯುತ್ತದೆ.

ಹತ್ತಾರು ತಂಡಗಳ ಪ್ರೋಗ್ರಾಂಗಳನ್ನು ಒಂದೇ ಯಂತ್ರದ ಮೇಲೆ ಓಡಿಸುವುದು ಹೇಗೆ ಸಾಧ್ಯವಾಯಿತು ಎಂಬುದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಇದು ಕನ್ನಡದಲ್ಲಿ ಇನ್ನಷ್ಟು ಜನರಿಗೆ ಗೊತ್ತಾಗಬೇಕು ಎಂಬ ಆಸೆ ನನ್ನದು. ಒಂದು ಪ್ರೋಗ್ರಾಂ ಇದ್ದಬದ್ದ ಮೆಮೊರಿಯನ್ನೆಲ್ಲ ನುಂಗಿದರೆ ಪಕ್ಕದ್ದು ಸಾಯುತ್ತದೆ. ಹಾಗಾಗದಂತೆ ಪ್ರತಿ ಗುಂಪಿಗೂ ಇಷ್ಟೇ ಎಂದು ಗಡಿ ಹಾಕುವ ವ್ಯವಸ್ಥೆ ಲಿನಕ್ಸ್‌ನ ಹೃದಯಭಾಗವಾದ ಕರ್ನೆಲ್‌ನಲ್ಲಿ ಬೇಕಿತ್ತು. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದ ಈ ಕೆಲಸ, ಸಿಗ್ರೂಪ್ಸ್ ಎಂಬ ಹೆಸರಿನಲ್ಲಿ 2008ರ ಜನವರಿಯ 2.6.24 ಆವೃತ್ತಿಯಲ್ಲಿ ಲಿನಕ್ಸ್ ಸೇರಿತು. ಅದು ಚೌಕಟ್ಟು ಮಾತ್ರ. ಪ್ರೊಸೆಸರಿನ ಸಮಯವನ್ನು ಗುಂಪುಗಳ ನಡುವೆ ನ್ಯಾಯವಾಗಿ ಹಂಚುವ ಭಾಗವನ್ನು ಅದೇ ಆವೃತ್ತಿಗೆ ಬರೆದವರು ಐಬಿಎಂನ ಶ್ರೀವತ್ಸ ವಡ್ಡಗಿರಿ. ಮೆಮೊರಿಗೆ ಮಿತಿ ಹಾಕುವ ಭಾಗ ಮುಂದಿನ ಆವೃತ್ತಿಯಲ್ಲಿ ಬಂತು. ಅದರ ಕಡತದ ತಲೆಯಲ್ಲಿ ಮೊದಲು ಕಾಣುವ ಹೆಸರು ಐಬಿಎಂನ ಬಲಬೀರ್ ಸಿಂಗ್. ಇಬ್ಬರೂ ಆಗ ಐಬಿಎಂನ ಬೆಂಗಳೂರು ಲಿನಕ್ಸ್ ತಂಡದವರು. ಇಂದು ಜಗತ್ತಿನಲ್ಲಿ ಓಡುತ್ತಿರುವ ಪ್ರತಿ ಲಿನಕ್ಸ್ ಕಂಟೇನರಿನ, ಅಂದರೆ ಹೀಗೆ ಗಡಿಯೊಳಗೆ ಬೇರೆಯಾಗಿ ಓಡುವ ಪ್ರೋಗ್ರಾಂ ಪೊಟ್ಟಣದ, ಅಡಿಪಾಯದಲ್ಲಿ ಈ ಎರಡು ಕೈಗಳ ಕೆಲಸವಿದೆ.

ಅದರ ಮೇಲೆ ಕಟ್ಟಿದ್ದು ಡಾಕರ್. ಡಾಟ್‌ಕ್ಲೌಡ್ ಎಂಬ ಕಂಪನಿ ಹೆರೋಕುವಿನಂಥದೇ ವೇದಿಕೆ ನಡೆಸುತ್ತಿತ್ತು. ಒಳಗೆ ತಾನು ಬಳಸುತ್ತಿದ್ದ ಕಂಟೇನರ್ ಸಾಧನವನ್ನು 2013ರ ಮಾರ್ಚ್‌ನಲ್ಲಿ ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟಿತು. ವೇದಿಕೆ ಮರೆಯಾಯಿತು, ಸಾಧನ ಜಗತ್ತನ್ನು ಆವರಿಸಿತು. ನೂರಾರು ಯಂತ್ರಗಳ ಮೇಲೆ ಕಂಟೇನರ್‌ಗಳನ್ನು ಹಂಚಿ, ಸತ್ತದ್ದನ್ನು ಮತ್ತೆ ಎಬ್ಬಿಸುವ ಕುಬರ್ನೆಟೀಸ್ ಅನ್ನು ಗೂಗಲ್ 2014ರಲ್ಲಿ ಹೊರತಂದಿತು. 2011ರಿಂದಲೇ ವೇದಿಕೆ ಕಟ್ಟಿದ್ದ ರೆಡ್‌ಹ್ಯಾಟ್ ತನ್ನ ಓಪನ್‌ಶಿಫ್ಟ್‌ನ ಒಳಗನ್ನೆಲ್ಲ ಕಿತ್ತು, 2015ರಲ್ಲಿ ಡಾಕರ್ ಮತ್ತು ಕುಬರ್ನೆಟೀಸ್ ಮೇಲೆ ಹೊಸದಾಗಿ ಕಟ್ಟಿಕೊಂಡಿತು. ಇನ್ನು ಕೆಲಸ ಸುಲಭ ಎಂದು ಅನೇಕ ಕಂಪನಿಗಳು ಭಾವಿಸಿದ್ದು ಈ ಹಂತದಲ್ಲಿ. ಕುಬರ್ನೆಟೀಸ್ ತಂದು ನಿಲ್ಲಿಸಿದರೆ ವೇದಿಕೆ ಸಿದ್ಧವಾಯಿತು ಎಂಬ ಈ ನಂಬಿಕೆಯಿಂದ ಆದ ನಷ್ಟ ದೊಡ್ಡದು. ಅದು ಬರೀ ಪಾಯ. ಅದರ ನೂರಾರು ಸಾಲುಗಳ ಸಂರಚನಾ ಕಡತಗಳನ್ನು ರಜೆ ಅರ್ಜಿಯ ಡೆವಲಪರ್ ಕೈಗೆ ಕೊಟ್ಟರೆ ಇಳಿಸಬೇಕೆಂದಿದ್ದ ಹೊರೆಯನ್ನು ಬೇರೆ ಮೂಟೆಯಲ್ಲಿ ಕಟ್ಟಿ ಅವಳ ತಲೆಯ ಮೇಲೇ ಇಟ್ಟಂತಾಗುತ್ತದೆ.

ಪಾಯದ ಮೇಲೆ ಏನಿರಬೇಕು, ಅದನ್ನು ಯಾರ ಮಾತಿನಂತೆ ಕಟ್ಟಬೇಕು ಎಂಬಲ್ಲಿ ನನಗೆ ಕಾಫಿ ಪೂಲ್ ನೆನಪಾಗುವುದು.

ಐವತ್ತು ದಾಟಿದ ಬೆಳೆಗಾರರಿಗೆ ಪೂಲ್ ಎಂದರೆ ಏನೆಂದು ಹೇಳಬೇಕಾಗಿಲ್ಲ, ಕಿರಿಯರಿಗೆ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೊಳ್ಳುವವರೇ ಇಲ್ಲವಾದಾಗ ಸರ್ಕಾರ ಮಧ್ಯೆ ಬಂತು. 1942ರ ಕಾಫಿ ಕಾಯ್ದೆಯಂತೆ ಬೆಳೆಗಾರ ಮನೆ ಖರ್ಚಿಗೆ, ಬಿತ್ತನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಾಯಿತು. ಬೋರ್ಡು ಅದನ್ನು ದರ್ಜೆ ಕಟ್ಟಿ, ಕ್ಯೂರಿಂಗ್ ಮಾಡಿಸಿ, ಹರಾಜು ಹಾಕಿ, ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಸಣ್ಣ ಬೆಳೆಗಾರನಿಗೆ ಇದು ದೊಡ್ಡ ಆಸರೆ. ರಫ್ತಿನ ಗೊಡವೆಯಿಲ್ಲ, ದಲ್ಲಾಳಿಯ ಹಂಗಿಲ್ಲ. ತೋಟ ನೋಡಿಕೊಂಡರೆ ಸಾಕು, ಮಿಕ್ಕದ್ದು ಬೋರ್ಡಿನದು. ಕಂಪನಿಯ ವೇದಿಕೆ ಡೆವಲಪರ್‌ಗೆ ಕೊಡುವ ಮಾತೂ ಇದೇ: ನೀನು ಕೋಡ್ ನೋಡಿಕೋ, ಮಿಕ್ಕದ್ದು ನಮ್ಮದು.

ಪೂಲ್ ಕಹಿಯಾದದ್ದು ಏಕೆ? ಕಂತುಗಳು ವರ್ಷಗಟ್ಟಲೆ ತಡವಾದವು. ಕೊನೆಯ ಕಂತು ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿರಲಿಲ್ಲ. ಚೆನ್ನಾಗಿ ಪಲ್ಪ್ ಮಾಡಿ, ಒಣಗಿಸಿ, ಮುತ್ತಿನಂಥ ಪಾರ್ಚ್‌ಮೆಂಟ್ ಕೊಟ್ಟವನ ಕಾಫಿಯೂ ಅದೇ ದರ್ಜೆಯ ರಾಶಿಯಲ್ಲಿ ಕಲಸಿಹೋಗುತ್ತಿತ್ತು. ಅವನ ತೋಟದ ಹೆಸರು ಕೊಳ್ಳುವವನಿಗೆ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳೆಗಾರನಿಗೆ ಎದ್ದು ಹೋಗುವ ಹಕ್ಕಿರಲಿಲ್ಲ. ಅವನು ಎಲ್ಲಿಗೂ ಹೋಗಲಾರ ಎಂದ ಮೇಲೆ ಸೇವೆ ಚುರುಕಾಗಬೇಕಾದ ಕಾರಣವೂ ಉಳಿಯಲಿಲ್ಲ. 1990ರ ದಶಕದ ಆರಂಭದಿಂದ ಮುಕ್ತ ಮಾರಾಟದ ಪಾಲು ಮೆಟ್ಟಿಲು ಮೆಟ್ಟಿಲಾಗಿ ಬಂತು. 1994ರಲ್ಲಿ ಬ್ರೆಜಿಲ್‌ನ ಹಿಮಗಟ್ಟುವ ಚಳಿಗೆ ಬೆಲೆ ಏರಿದಾಗ ಅದರ ರುಚಿ ಸಿಕ್ಕಿತು. 1996ರ ಸೆಪ್ಟೆಂಬರ್‌ನಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಬಿಡುಗಡೆಯಾಯಿತು. ಅದೇ ವರ್ಷ ಜುಲೈನಲ್ಲಿ ಮೂಡಿಗೆರೆ ತಾಲ್ಲೂಕು ಚೇತನಹಳ್ಳಿಯ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಅಲ್ಲಿ ಕಾಫಿಯ ಜತೆ ಇಂಟರ್ನೆಟ್ ಕೂಡ ಇತ್ತು. ಮೂರು ವರ್ಷದ ಮೇಲೆ ಮೈಂಡ್‌ಟ್ರೀ ಹುಟ್ಟಿದಾಗ ಹಣ ಹಾಕಿದವರಲ್ಲಿ ಅವರೂ ಇದ್ದರು. ಕಾಫಿ ನಾಡಿನ ಮಕ್ಕಳು ಸಾಫ್ಟ್‌ವೇರ್‌ಗೆ ಹೋದ ದಾರಿ ಇಲ್ಲಿಂದಲೂ ಹಾದಿದೆ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ, ಮುಗಿಸಿ ಹೇಳುವುದು ಪ್ರಾಮಾಣಿಕವೂ ಅಲ್ಲ. 2000ದ ಆಸುಪಾಸಿನಲ್ಲಿ ಜಾಗತಿಕ ಬೆಲೆ ಕುಸಿದಾಗ ಬೆಳೆಗಾರನ ಹಿಂದೆ ಪೂಲ್ ಇರಲಿಲ್ಲ. ಸಾಲದ ಕಾಗದಗಳು ಮನೆಗೆ ಬಂದ ಆ ವರ್ಷಗಳಲ್ಲಿ ‘ಪೂಲ್ ಇದ್ದಿದ್ದರೆ’ ಎಂದು ಮರುಗಿದ ಹಿರಿಯರನ್ನು ನಾನು ಕಂಡಿದ್ದೇನೆ.

ಕಂಪನಿಯೊಳಗಿನ ವೇದಿಕೆಗೆ ಇದಕ್ಕಿಂತ ಹತ್ತಿರದ ಪಾಠ ನನಗೆ ತೋರದು. ‘ಎಲ್ಲ ತಂಡಗಳೂ ಮುಂದಿನ ಮಾರ್ಚ್ ಒಳಗೆ ಇದಕ್ಕೆ ಬರತಕ್ಕದ್ದು’ ಎಂದು ಮೇಲಿನಿಂದ ಆಜ್ಞೆ ಹೊರಡಿಸಿ ಕಟ್ಟಿದ ವೇದಿಕೆಗಳು ಪೂಲಿನ ದಾರಿಯನ್ನೇ ಹಿಡಿಯುತ್ತವೆ. ಡೆವಲಪರ್ ಬೇರೆಲ್ಲೂ ಹೋಗಲಾರಳು ಎಂದಾಗ ಅವಳ ದೂರು ಕೇಳಿಸುವುದು ನಿಲ್ಲುತ್ತದೆ. ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ‘ಬಿಲ್ಡ್’ ಮುಗಿಯಲು ನಲವತ್ತು ನಿಮಿಷ ಹಿಡಿದರೂ ಅದು ಯಾರ ತುರ್ತೂ ಅಲ್ಲ. ತದ್ವಿರುದ್ಧವಾಗಿ, ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟರೆ ಕುಸಿತದ ದಿನ ಆಸರೆ ಇರುವುದಿಲ್ಲ. ಅಂಥ ದಿನ 2021ರ ಡಿಸೆಂಬರ್‌ನಲ್ಲಿ ಬಂತು. ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲಾಗ್4ಜೆ ಎಂಬ ಭಾಗದಲ್ಲಿ, ಹೊರಗಿನವನೊಬ್ಬ ಒಂದು ಸಾಲು ಬರೆದು ಸರ್ವರನ್ನೇ ಕೈವಶ ಮಾಡಿಕೊಳ್ಳಬಹುದಾದ ದೋಷ ಬಯಲಾಯಿತು. ಜಗತ್ತಿನ ಎಲ್ಲ ಕಂಪನಿಗಳ ಮುಂದೆಯೂ ಒಂದೇ ಪ್ರಶ್ನೆ: ನಮ್ಮಲ್ಲಿ ಇದು ಎಲ್ಲೆಲ್ಲಿದೆ? ಒಂದೇ ವೇದಿಕೆಯ ಮೂಲಕ ಎಲ್ಲ ಪ್ರೋಗ್ರಾಂಗಳೂ ಬಿಲ್ಡ್ ಆಗುತ್ತಿದ್ದ ಕಡೆ ಹುಡುಕಿ ಪಟ್ಟಿ ತೆಗೆಯಬಹುದಿತ್ತು, ತಿದ್ದಿದ ಆವೃತ್ತಿಯನ್ನು ಒಂದೆಡೆಯಿಂದ ತಳ್ಳಬಹುದಿತ್ತು. ಉಳಿದ ಕಡೆ ತಂಡ ತಂಡಕ್ಕೂ ಮೇಲ್ ಬರೆದು ಉತ್ತರಕ್ಕೆ ಕಾದರು. ಅದೇ ತಿಂಗಳಲ್ಲಿ ತಿದ್ದುಪಡಿಗೂ ತಿದ್ದುಪಡಿ ಬಂದು, ಅದೇ ಸುತ್ತನ್ನು ಮತ್ತೆ ಮತ್ತೆ ಹಾಕಬೇಕಾಯಿತು.

ಆದ್ದರಿಂದ ನನ್ನ ವಾದ ಇಷ್ಟು. ವೇದಿಕೆಯ ತಂಡ ತನ್ನೊಳಗಿನ ಡೆವಲಪರ್‌ಗಳನ್ನು ಕೊಟ್ಟಿದ್ದನ್ನು ತೆಗೆದುಕೊಳ್ಳಬೇಕಾದವರಂತೆ ನೋಡದೆ, ನಾಳೆ ಎದ್ದು ಹೋಗಬಹುದಾದ ಗಿರಾಕಿಗಳಂತೆ ನೋಡಬೇಕು. ಹೋಗುವ ಬಾಗಿಲು ನಿಜವಾಗಿಯೂ ತೆರೆದಿರಬೇಕು. ಆದರೆ ಹೊರಗೆ ಹೋದ ತಂಡ 180 ದಿನದ ಲಾಗ್, ಭದ್ರತಾ ತಿದ್ದುಪಡಿ, ರಾತ್ರಿಯ ಅಲಾರಂ ಎಲ್ಲವನ್ನೂ ತಾನೇ ಹೊರಬೇಕು, ಹೊರುತ್ತಿದ್ದೇನೆ ಎಂದು ತೋರಿಸಬೇಕು. ಹೀಗಿದ್ದಾಗ ಹೆಚ್ಚಿನವರು ಒಳಗೇ ಉಳಿಯುತ್ತಾರೆ, ಉಳಿದದ್ದಕ್ಕೆ ಬೇಸರಪಡುವುದಿಲ್ಲ. ಯಾವ ತಂಡ ಎಷ್ಟು ಯಂತ್ರಶಕ್ತಿ ಬಳಸಿತು, ಅದರ ಖರ್ಚೆಷ್ಟು ಎಂಬುದನ್ನು ತಿಂಗಳು ತಿಂಗಳು ಅವರಿಗೇ ತೋರಿಸುವುದೂ ಇದರ ಭಾಗ. ಪೂಲಿನಲ್ಲಿ ಇಲ್ಲದೇ ಹೋದದ್ದು ಆ ಪಾರದರ್ಶಕತೆಯೇ.

ಇನ್ನು ದಿನನಿತ್ಯದ ದುಡಿಮೆ. ಕುಬರ್ನೆಟೀಸ್‌ನ ಹೊಸ ಆವೃತ್ತಿಗಳು ವರ್ಷಕ್ಕೆ ಮೂರು ಬರುತ್ತವೆ, ಪ್ರತಿಯೊಂದಕ್ಕೂ ಬೆಂಬಲ ಸಿಗುವುದು ಸುಮಾರು 14 ತಿಂಗಳು. ಅಂದರೆ ಅಪ್‌ಗ್ರೇಡ್ ಎಂಬುದು ಒಮ್ಮೆ ಮುಗಿಸಿ ಕೈ ತೊಳೆಯುವ ಕೆಲಸವಲ್ಲ, ಮರಗಸಿಯಂತೆ ವರ್ಷ ವರ್ಷವೂ ಇದ್ದದ್ದೇ. ಸಾಮಾನ್ಯ ವಿಧಾನದಲ್ಲಿ ಕಟ್ಟಿದ ಕ್ಲಸ್ಟರಿನ, ಅಂದರೆ ಒಟ್ಟಾಗಿ ನಡೆಯುವ ಯಂತ್ರಗಳ ಗುಂಪಿನ, ಒಳಗಿನ ಸರ್ಟಿಫಿಕೇಟ್‌ಗಳು ಒಂದು ವರ್ಷಕ್ಕೆ ಮುಗಿಯುತ್ತವೆ. ಅಪ್‌ಗ್ರೇಡ್ ಮಾಡಿದರೆ ತಾವಾಗಿ ನವೀಕರಣವಾಗುತ್ತವೆ. ‘ಚೆನ್ನಾಗಿ ಓಡುತ್ತಿದೆ, ಮುಟ್ಟಬೇಡಿ’ ಎಂದು ಬಿಟ್ಟ ಕ್ಲಸ್ಟರ್ ಸರಿಯಾಗಿ ವರ್ಷ ತುಂಬಿದ ದಿನ ಯಾರ ಮಾತನ್ನೂ ಕೇಳದೆ ಕೂತುಬಿಡುವುದು ಹೀಗೆ. ಎಲ್ಲಕ್ಕಿಂತ ಕಷ್ಟದ್ದು ಡೇಟಾಬೇಸ್. ಪ್ರೋಗ್ರಾಂ ಸತ್ತರೆ ಬೇರೆ ಯಂತ್ರದ ಮೇಲೆ ಎಬ್ಬಿಸಬಹುದು; ಮಾಹಿತಿ ಹೋದರೆ ಹೋಯಿತು. ಬ್ಯಾಕಪ್ ತೆಗೆಯುವುದಷ್ಟೇ ಸಾಲದು, ಅದರಿಂದ ಮಾಹಿತಿಯನ್ನು ಮರಳಿ ತುಂಬಿ ಆಗಾಗ ಪರೀಕ್ಷಿಸಿ ನೋಡದ ತಂಡ ವೇದಿಕೆ ನಡೆಸುತ್ತಿದೆ ಎಂದು ಹೇಳಿಕೊಳ್ಳಬಾರದು.

ಕಳೆದ ಸುಗ್ಗಿ ಹಬ್ಬಕ್ಕೆ ಬಂದಿದ್ದ ಅಣ್ಣನ ಮಗ, ಅಲಾರಂ ಕರೆ ಬಂದು, ಊಟದ ನಡುವೆ ಎದ್ದು ಲ್ಯಾಪ್‌ಟಾಪ್ ತೆರೆದ. ಅವನ ಕಂಪನಿಯ ಒಂದು ತಂಡದ ಪ್ರೋಗ್ರಾಂ ಲೆಕ್ಕವಿಲ್ಲದೆ ಲಾಗ್ ಬರೆದು ಯಂತ್ರದ ಡಿಸ್ಕ್ ತುಂಬಿಸಿತ್ತು. ಅದೇ ಯಂತ್ರದಲ್ಲಿದ್ದ ಬೇರೆ ತಂಡಗಳ ಪ್ರೋಗ್ರಾಂಗಳನ್ನು ಕ್ಲಸ್ಟರ್ ಅಲ್ಲಿಂದ ಹೊರಹಾಕುತ್ತಿತ್ತು.

“ಈಗ ನೆಟ್ ಹೋಗಿದ್ರೆ ಏನ್ ಮಾಡ್ತಿದ್ಯೋ?” ಎಂದೆ.

“ಐದು ನಿಮಿಷದೊಳಗೆ ನಾನು ಎತ್ತಲಿಲ್ಲ ಅಂದ್ರೆ ಎರಡನೆಯವರಿಗೆ ಹೋಗತ್ತೆ ಚಿಕ್ಕಪ್ಪ. ಅವರೂ ಎತ್ತಲಿಲ್ಲ ಅಂದ್ರೆ ಮ್ಯಾನೇಜರ್‌ಗೆ. ಯಾರಾದ್ರೂ ಒಬ್ರು ಎತ್ಲೇಬೇಕು.”

ಡಿಸ್ಕ್ ಖಾಲಿ ಮಾಡಿಸಿ ಅವನು ಸುಮ್ಮನಾಗಲಿಲ್ಲ. ಯಾವ ತಂಡವೂ ಒಂದು ಮಿತಿಗಿಂತ ಹೆಚ್ಚು ಲಾಗ್ ಬರೆಯದಂತೆ ವೇದಿಕೆಯಲ್ಲೇ ಗಡಿ ಹಾಕುವ ಕೆಲಸವನ್ನು ಮರುವಾರಕ್ಕೆ ಬರೆದಿಟ್ಟ. ತಪ್ಪು ಮಾಡಿದ ತಂಡವನ್ನು ಬೈದು ಒಂದು ಮೇಲ್ ಕಳಿಸುವುದು ಸುಲಭವಿತ್ತು. ಅಂಥ ತಪ್ಪು ಇನ್ನು ಯಾರಿಂದಲೂ ಆಗದಂತೆ ಮಾಡುವುದೇ ತನ್ನ ಕೆಲಸ ಎಂದು ಅವನು ತಿಳಿದಿದ್ದಾನೆ. ಈ ಕಸುಬಿನ ಘನತೆ ನನಗೆ ಕಂಡದ್ದು ಅಲ್ಲಿ.

ಸ್ವಂತ ಯಂತ್ರಗಳ ವೇದಿಕೆಗೆ ಇನ್ನೊಂದು ಮಿತಿಯಿದೆ: ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟ ಇಟ್ಟಾಗ ಹತ್ತು ಗಂಟೆಗಳಲ್ಲಿ 600 ಕೋಟಿ ರೂಪಾಯಿಯ ವ್ಯಾಪಾರವಾಯಿತು. ನೂಕುನುಗ್ಗಲಿಗೆ ಸೈಟ್ ಕುಸಿದು, ಮರುದಿನ ಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆ ಕೇಳಿ ಪತ್ರ ಬರೆದರು. ಚೆನ್ನೈ, ಹೈದರಾಬಾದಿನಲ್ಲಿ ಸ್ವಂತ ದತ್ತಾಂಶ ಕೇಂದ್ರ ನಡೆಸುವ ಅಂಥ ಕಂಪನಿಯಲ್ಲಿ ಹಬ್ಬದ ಮಾರಾಟಕ್ಕೆ ಬೇಕಾದ ಸರ್ವರ್‌ಗಳ ಆರ್ಡರ್ ತಿಂಗಳುಗಳ ಮೊದಲೇ ಹೋಗಿರಬೇಕು. ಪ್ರತಿ ತಂಡವನ್ನೂ ‘ನಿಮಗೆಷ್ಟು ಬೇಕಾದೀತು’ ಎಂದು ಕೇಳಿ, ಅವರು ಹೇಳಿದ್ದನ್ನು ತೂಗಿ ನೋಡಿ, ಕೊನೆಗೊಂದು ಸಂಖ್ಯೆಗೆ ಬರುವುದು ವೇದಿಕೆಯವರ ಪಾಲಿನ ಕೆಲಸ.

ಎಲ್ಲರಿಗೂ ಇಷ್ಟೆಲ್ಲ ಬೇಡ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಷೇರು ವಹಿವಾಟು ಸಂಸ್ಥೆ ಜೆರೋಧಾ ತನ್ನ ಸಣ್ಣ ತಂತ್ರಜ್ಞಾನ ತಂಡಕ್ಕೆ ಕುಬರ್ನೆಟೀಸ್‌ಗಿಂತ ಸರಳವಾದ ನೊಮ್ಯಾಡ್ ಸಾಕೆಂದು ಆರಿಸಿಕೊಂಡು, ಅದರ ಕಾರಣಗಳನ್ನು ಬಹಿರಂಗವಾಗಿಯೇ ಬರೆದಿದೆ. ಹತ್ತು ಡೆವಲಪರ್‌ಗಳಿರುವ ಕಂಪನಿ ಐದು ಜನರ ಪ್ಲಾಟ್‌ಫಾರ್ಮ್ ತಂಡ ಕಟ್ಟಿದರೆ ಅದು ದುಂದು. ಎರಡು ಸರ್ವರ್, ಒಂದು ಚೊಕ್ಕ ಸ್ಕ್ರಿಪ್ಟ್, ಪರೀಕ್ಷಿಸಿದ ಬ್ಯಾಕಪ್ ಅವರಿಗೆ ಬಹುಕಾಲ ಸಾಲುತ್ತದೆ.

ಕೊನೆಗೆ, ಕನ್ನಡದ ಮಟ್ಟಿಗೆ ಈ ವೇದಿಕೆಗಳಿಂದ ಇವತ್ತೇ ಆಗಬಹುದಾದ ಒಂದು ಉಪಕಾರವಿದೆ. ಸರ್ವರ್‌ನಲ್ಲಿ ತಯಾರಾಗುವ ಕನ್ನಡ ಪಿಡಿಎಫ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುವುದು, ಅರ್ಕಾವೊತ್ತು ತಪ್ಪು ಜಾಗಕ್ಕೆ ಹೋಗುವುದು, ‘ಕೃಷ್ಣಮೂರ್ತಿ’ ಎಂಬ ಹೆಸರು ಖಾಲಿ ಚೌಕಗಳ ಸಾಲಾಗುವುದು ಎಲ್ಲರೂ ಕಂಡದ್ದೇ. ಚೌಕಗಳಿಗೆ ಕಾರಣ ಸರಳ: ಕಂಟೇನರ್‌ಗಳನ್ನು ಚಿಕ್ಕದಾಗಿಡಲು ಬಳಸುವ, ಅವನ್ನು ಎರಕ ಹೊಯ್ಯುವ ಅಚ್ಚಿನಂಥ, ಮೂಲ ಇಮೇಜ್‌ಗಳಲ್ಲಿ ಕನ್ನಡದ ಫಾಂಟ್ ಇರುವುದೇ ಇಲ್ಲ. ಒತ್ತು ಕಳಚುವುದಕ್ಕೆ ಕಾರಣ, ಅಕ್ಷರಗಳನ್ನು ಕೂಡಿಸಿ ರೂಪ ಕೊಡುವ ಹಾರ್ಫ್‌ಬಜ್‌ನಂಥ ಸಾಧನವನ್ನು ಬಳಸದ ಪಿಡಿಎಫ್ ಲೈಬ್ರರಿಗಳು. ಒಂದೊಂದು ಇಲಾಖೆಯ, ಒಂದೊಂದು ಕಂಪನಿಯ ಪ್ರತಿ ಡೆವಲಪರ್‌ಗೂ ಇದನ್ನು ಬೇರೆ ಬೇರೆಯಾಗಿ ಕಲಿಸಿ ಮುಗಿಸಲಾಗದು. ಅವರಲ್ಲಿ ಅನೇಕರಿಗೆ ಕನ್ನಡ ಓದಲೂ ಬರುವುದಿಲ್ಲ, ಬರಬೇಕೆಂದು ಈ ಕೆಲಸ ಕಾಯುವಂತಿಲ್ಲ. ವೇದಿಕೆಯ ತಂಡ ತಾನು ಎಲ್ಲರಿಗೂ ಕೊಡುವ ಮೂಲ ಇಮೇಜಿನಲ್ಲಿ ಫಾಂಟನ್ನೂ ಅಕ್ಷರ ಕೂಡಿಸುವ ಪಿಡಿಎಫ್ ಸಾಧನವನ್ನೂ ಒಮ್ಮೆ ಸೇರಿಸಿಟ್ಟರೆ, ಅವನ್ನು ಬಳಸುವ ಪ್ರೋಗ್ರಾಂಗಳ ಪ್ರತಿ ಪ್ರಮಾಣಪತ್ರ, ಪ್ರತಿ ರಸೀದಿ, ಪ್ರತಿ ಬಿಲ್ಲು ಸರಿಯಾದ ಕನ್ನಡದಲ್ಲಿ ಹೊರಬೀಳುತ್ತದೆ. ಬೇಕಾದದ್ದೆಲ್ಲ ಉಚಿತವಾಗಿ, ಮುಕ್ತವಾಗಿ ಇದೆ. ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿ ‘ಗುಬ್ಬಿ’ ಮತ್ತು ‘ನವಿಲು’ ಎಂಬ ಕನ್ನಡ ಫಾಂಟ್‌ಗಳು, ಲೋಹಿತ್ ಕುಟುಂಬದ ಕನ್ನಡ ಫಾಂಟ್ ಸಿದ್ಧವಾಗಿವೆ. ಇಮೇಜ್ ಕಟ್ಟುವ ಕಡತದಲ್ಲಿ ಅವುಗಳ ಹೆಸರು ಬರೆಯಲು ಒಂದು ಸಾಲು ಸಾಕು. ಜತೆಗೆ ಒತ್ತು, ದೀರ್ಘ, ಅರ್ಕಾವೊತ್ತುಗಳಿರುವ ಹತ್ತು ಹೆಸರುಗಳ ಒಂದು ಪರೀಕ್ಷಾ ಪುಟವನ್ನು ಮುದ್ರಿಸಿ ನೋಡಿ, ಅದು ಸರಿಯಿದ್ದರೆ ಮಾತ್ರ ಇಮೇಜ್ ಬಿಡುಗಡೆ ಎಂಬ ನಿಯಮವನ್ನೂ ಸೇರಿಸಲಿ. ಅಣ್ಣನ ಮಗ ತನ್ನ ತಂಡದ ಮುಂದೆ ಇದನ್ನು ಇಡುತ್ತೇನೆ ಎಂದಿದ್ದಾನೆ. ಸರ್ಕಾರದ ದತ್ತಾಂಶ ಕೇಂದ್ರಗಳಲ್ಲಿ ಈ ಸಾಲು ಬರೆಯಬಲ್ಲ ಎಂಜಿನಿಯರ್‌ಗಳು ಇದನ್ನು ಓದುತ್ತಿದ್ದರೆ, ಅವರಲ್ಲೂ ಇದೇ ಕೋರಿಕೆ.